ಬಾಗಿಲು ತಂದರೆ ಮನೆ ಬಂದೀತೆ?

ಹಳೆ ಮನೆಗಳ ಮೇಲೆ ಪ್ರೀತಿ ಇರುವವರ ನಡುವೆ ಒಂದು ಮಾತು ಯಾರೂ ತಡೆದು ಕೇಳದ ಹಾಗೆ ಚಲಾವಣೆಯಲ್ಲಿದೆ. ಎಲ್ಲಾದರೂ ಹಳೆಯ ಮರದ ಬಾಗಿಲು ಸಿಕ್ಕರೆ ಬಿಡಬಾರದು. ತಂದು, ಬಣ್ಣ ಕೆರೆಸಿ, ಪಾಲಿಶ್ ಹೊಡೆಸಿ ನಿಲ್ಲಿಸಿದರೆ ಮನೆಗೆ ಲಕ್ಷಣ ಬರುತ್ತದೆ, ಒಂದು ಮರ ಉಳಿಯುತ್ತದೆ, ಪರಂಪರೆಯೂ ಉಳಿಯುತ್ತದೆ ಎಂಬುದು ಆ ಮಾತು. ಇದರಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವಂತಿಲ್ಲ. ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆಯ ಸುತ್ತಮುತ್ತ, ಹರಿಹರದಲ್ಲಿ ಹರಿಹರೇಶ್ವರ ದೇವಸ್ಥಾನದ ಆಸುಪಾಸಿನ ಬೀದಿಗಳಲ್ಲಿ ಹಳೆ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಅಣ್ಣತಮ್ಮಂದಿರು ಪಾಲಾದಾಗ, ರಸ್ತೆ ಅಗಲವಾದಾಗ, ಮಣ್ಣಿನ ಗೋಡೆಗೆ ಮಳೆನೀರು ಇಳಿದು ರಿಪೇರಿ ಮಾಡಿಸಿ ಸಾಕಾದಾಗ, ಆ ಜಾಗದಲ್ಲಿ ಆರ್‌ಸಿಸಿ ಮನೆ ಏಳುತ್ತದೆ. ಕೆಡವುವ ಗುತ್ತಿಗೆದಾರ ನಿಂತ ಮನೆಗೇ ಒಂದು ಮೊತ್ತ ಹೇಳಿ ಕಲ್ಲು, ಕಂಬ, ತೊಲೆ, ಬಾಗಿಲುಗಳನ್ನೆಲ್ಲ ಸಾಗಿಸುತ್ತಾನೆ. ಚೆನ್ನಾಗಿರುವುದು ಹಳೆ ಮರಮುಟ್ಟಿನ ಅಂಗಡಿಗೆ, ಉಳಿದದ್ದು ಸೌದೆಗೆ. ಸೌದೆ ಒಲೆಯ ಬೆಣ್ಣೆ ದೋಸೆಗೆ ಹೆಸರಾದ ಊರಿನಲ್ಲಿ ಮಾರಾಟವಾಗದ ಮರಕ್ಕೆ ಒಲೆಯ ದಾರಿ ಯಾವಾಗಲೂ ತೆರೆದೇ ಇರುತ್ತದೆ. ತಲೆಮಾರುಗಳ ಕಾಲ ಒಂದು ಮನೆಯನ್ನು ಕಾದ ತೇಗದ ಕದ ಒಲೆಗೆ ಹೋಗುವುದನ್ನು ತಪ್ಪಿಸಿದವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ.

ತಕರಾರು ಇರುವುದು ಆ ಕೆಲಸಕ್ಕೆ ಕೊಡುವ ಕಾರಣಗಳ ಬಗ್ಗೆ. ಕಾರಣ ಸರಿಯಿಲ್ಲದಿದ್ದರೆ ಆಯ್ಕೆಯೂ ಕೆಡುತ್ತದೆ: ತೆಗೆದುಕೊಳ್ಳಬಾರದ ಬಾಗಿಲನ್ನು ತೆಗೆದುಕೊಳ್ಳುತ್ತೇವೆ, ಕೀಳಬಾರದ ಬಾಗಿಲನ್ನು ಕೀಳುತ್ತೇವೆ, ಮುಟ್ಟಬಾರದ ಬಣ್ಣವನ್ನು ಕೆರೆಯುತ್ತೇವೆ. ಮೇಲಿನ ಮಾತನ್ನು ಬಿಡಿಸಿದರೆ ಒಳಗೆ ಮೂರು ಬೇರೆ ಬೇರೆ ಹೇಳಿಕೆಗಳು ಸಿಗುತ್ತವೆ.

1. ಹಳೆಯ ಬಾಗಿಲು ಹಳೆಯದಾದ್ದರಿಂದಲೇ ಗಟ್ಟಿ.
2. ಹಳೆಯ ಬಾಗಿಲು ಕೊಂಡರೆ ಹೊಸ ಮರ ಕಡಿಯುವುದು ತಪ್ಪುತ್ತದೆ.
3. ಹಳೆಯ ಬಾಗಿಲು ನಿಲ್ಲಿಸಿದರೆ ಹಳೆಯ ಮನೆ ಉಳಿದಂತೆ.

ಮೊದಲನೆಯದು ಮರದ ಗುಣದ ಮಾತು, ಎರಡನೆಯದು ಮಾರುಕಟ್ಟೆಯ ಮಾತು, ಮೂರನೆಯದು ಚರಿತ್ರೆಯ ಮಾತು. ಒಂದನ್ನು ಒಪ್ಪಿದ ಮಾತ್ರಕ್ಕೆ ಇನ್ನೊಂದನ್ನು ಒಪ್ಪಬೇಕಾಗಿಲ್ಲ. ಗಟ್ಟಿ ಮರದ ಬಾಗಿಲು ಚರಿತ್ರೆಯನ್ನು ಹಾಳುಮಾಡಿ ಬಂದಿರಬಹುದು. ಚರಿತ್ರೆಯ ದೃಷ್ಟಿಯಿಂದ ಅಮೂಲ್ಯವಾದ ಬಾಗಿಲು ಮರದ ದೃಷ್ಟಿಯಿಂದ ಅರ್ಧ ಪೊಳ್ಳಾಗಿರಬಹುದು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ.

ಮರದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 'ಆಗಿನ ಕಾಲದ ಬಾಗಿಲು ನೋಡಿ, ಇನ್ನೂ ಹೇಗಿದೆ' ಎನ್ನುವವರು ಉಳಿದುಬಂದ ಬಾಗಿಲುಗಳನ್ನು ಮಾತ್ರ ನೋಡಿ ಮಾತಾಡುತ್ತಾರೆ. ಆಗಿನ ಕಾಲದಲ್ಲೂ ಬೇವು, ಮತ್ತಿ, ಜಾಲಿ, ಕೈಗೆ ಸಿಕ್ಕ ಮರಗಳಿಂದ ಮಾಡಿದ ಸಾಧಾರಣ ಬಾಗಿಲುಗಳೇ ಹೆಚ್ಚಿದ್ದವು. ಅವುಗಳಲ್ಲಿ ಬಹುಪಾಲು ಗೆದ್ದಲಿಗೆ, ಮಳೆಗೆ ಸಿಕ್ಕಿ ಮಣ್ಣಾಗಿವೆ. ಉಳಿದಿರುವವು ಆಯ್ದ ಮರದವು, ಮಾಡಿನ ನೆರಳಿನಲ್ಲಿ ನಿಂತವು, ವರ್ಷಕ್ಕೊಮ್ಮೆ ಎಣ್ಣೆ ಕಂಡವು. ಅವು ಬಾಳಿದ್ದಕ್ಕೆ ಕಾರಣ ವಯಸ್ಸಲ್ಲ; ಬಾಳುವ ಗುಣ ಮೊದಲೇ ಇದ್ದುದರಿಂದ ಅವುಗಳಿಗೆ ಅಷ್ಟು ವಯಸ್ಸಾಯಿತು. ಕತ್ತರಿಸಿದ ಮರ ಒಮ್ಮೆ ಚೆನ್ನಾಗಿ ಒಣಗಿದ ಮೇಲೆ ವರ್ಷ ಕಳೆದಂತೆ ಇನ್ನಷ್ಟು ಗಟ್ಟಿಯಾಗುತ್ತ ಹೋಗುವುದಿಲ್ಲ. ತೇಗಕ್ಕೆ ಗೆದ್ದಲು ಹತ್ತದಂತೆ ಕಾಯುವುದು ಅದರ ಚೇಗಿನಲ್ಲಿರುವ ಎಣ್ಣೆಯಂಥ ಸಾರ. ಹೊರಗಿನ ಬಿಳಿ ಭಾಗಕ್ಕೆ ಆ ರಕ್ಷಣೆಯಿಲ್ಲ, ಮರ ನೂರು ವರ್ಷ ಹಳೆಯದಾದರೂ ಇಲ್ಲ. ಇಂದಿನ ನೆಡುತೋಪಿನ ತೇಗವನ್ನು ಎಳೆಯ ವಯಸ್ಸಿನಲ್ಲೇ ಕಡಿಯುವುದರಿಂದ ಬಿಳಿ ಭಾಗ ಹೆಚ್ಚು, ಚೇಗು ಕಡಿಮೆ; ಹಳೆಯ ಕಾಡುತೇಗದ ದೊಡ್ಡ ದಿಮ್ಮಿಯಲ್ಲಿ ಚೇಗೇ ಹೆಚ್ಚು. ಹೊಸ ಬಾಗಿಲಿಗಿಂತ ಹಳೆಯದು ಮೇಲು ಎಂಬ ಅನುಭವದ ಹಿಂದಿರುವ ಸತ್ಯ ಇಷ್ಟೇ. ಇದು ದಿಮ್ಮಿಯ ಗುಣವಾದ್ದರಿಂದ ಒಂದೊಂದು ಹಲಗೆಯಲ್ಲೂ ಬೇರೆಯಾಗಿ ನೋಡಬೇಕು.

ನೋಡುವುದು ಹೇಗೆ? ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟ ಬಾಗಿಲಿನ ಮುಂಭಾಗ ಎಲ್ಲರೂ ನೋಡುವ ಭಾಗ. ಕೆತ್ತನೆ, ಹಿತ್ತಾಳೆಯ ಗುಬ್ಬಿ, ಬಳೆ ಎಲ್ಲ ಅಲ್ಲಿರುತ್ತವೆ. ಅದನ್ನು ಬಿಟ್ಟು ಕದವನ್ನು ಮಗುಚಿ ಹಾಕಿಸಿ ಕೆಳಗಿನ ಅರ್ಧ ಅಡಿಯನ್ನು ನೋಡಬೇಕು. ದಿನವೂ ಹೊಸ್ತಿಲು ತೊಳೆದ ನೀರು, ಮಳೆಯ ಎರಚಲು, ನೆಲದ ಗೆದ್ದಲು ಎಲ್ಲವೂ ಮೊದಲು ತಾಕುವುದು ಅಲ್ಲಿಗೆ. ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದರೆ ಒಳ್ಳೆಯ ಮರ ತಡೆಯುತ್ತದೆ. ಕೆಟ್ಟ ಮರ ಬಣ್ಣದ ಪದರದ ಕೆಳಗೆ ಬೆಂಡಿನಂತೆ ಒಳಗಿಳಿಯುತ್ತದೆ. ಬೆರಳಿನ ಗೆಣ್ಣಿನಿಂದ ಬಡಿದಾಗ ದನಿ ಒಂದೇ ಸಮ ಇರಬೇಕು. ಸಣ್ಣ ತೂತುಗಳ ಕೆಳಗೆ ನಯವಾದ ಹೊಸ ಹಿಟ್ಟು ಉದುರಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ; ತೂತು ಹಳೆಯದಾಗಿ ಒಳಗೆ ಧೂಳು ಮೆತ್ತಿಕೊಂಡಿದ್ದರೆ ಅಷ್ಟು ಭಯವಿಲ್ಲ. ಬಣ್ಣ ಬಳಿದ ಬಾಗಿಲಿನಲ್ಲಿ ಚೌಕಟ್ಟು ಮತ್ತಿಯದು, ಹಲಗೆ ತೇಗದ್ದು, ಕೆಳಗಿನ ಪಟ್ಟಿ ನಂತರ ಸೇರಿಸಿದ ಯಾವುದೋ ಮರದ್ದು ಆಗಿರಬಹುದು. ಮಾರುವವರು ಇದನ್ನೆಲ್ಲ ಒಟ್ಟಿಗೆ 'ಬರ್ಮಾ ಟೀಕ್' ಎಂದುಬಿಡುತ್ತಾರೆ. ಚೆಟ್ಟಿನಾಡಿನ ಬಂಗಲೆಗಳಿಗೆ ಬರ್ಮಾದಿಂದ ತೇಗ ಬಂದದ್ದು ನಿಜ. ಆದರೆ ದಾವಣಗೆರೆಗೆ ತುಂಗಾ ಭದ್ರಾ ಕಣಿವೆಗಳ ಕಾಡು ಹತ್ತಿರದಲ್ಲೇ ಇತ್ತು. ಇಲ್ಲಿನ ಹಳೆ ಬಾಗಿಲಿಗೆ ರಂಗೂನಿನ ವಂಶಾವಳಿ ಕಟ್ಟುವ ಅಗತ್ಯವಿಲ್ಲ. ಮಲೆನಾಡಿನ ತೇಗ ಯಾವ ತೇಗಕ್ಕೂ ಕಡಿಮೆಯದಲ್ಲ.

ಇನ್ನೊಂದು ವಿಷಯವನ್ನು ಕೊಳ್ಳುವವರು ಮರೆಯುತ್ತಾರೆ. ಹಳೆಯ ಮರವೂ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ದಾವಣಗೆರೆ, ಹರಿಹರಗಳಲ್ಲಿ ಅದರ ಐದನೇ ಒಂದು ಭಾಗದಷ್ಟು. ಮಂಗಳೂರಿನ ಕಡೆಯಿಂದಲೋ ಕೊಚ್ಚಿಯ ಮಟ್ಟಂಚೇರಿಯಿಂದಲೋ ತಂದ ಬಾಗಿಲನ್ನು ಮಾರ್ಚ್ ತಿಂಗಳ ಬಯಲುಸೀಮೆಯ ಒಣ ಗಾಳಿಗೆ ನಿಲ್ಲಿಸಿದರೆ ಹಲಗೆ ಕುಗ್ಗಿ ಸೀಳಬಹುದು, ಕೂಡುಗಳು ಸಡಿಲವಾಗಬಹುದು. ಆ ಬಾಗಿಲು ಅಲ್ಲಿ ನೂರು ವರ್ಷ ಬಾಳಿತ್ತು ಎಂಬುದು ಇಲ್ಲಿ ಬಾಳುತ್ತದೆ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ತಂದರೂ ಅಳತೆಗೆ ಕೊಯ್ಯುವ ಮುಂಚೆ ಕೆಲವು ತಿಂಗಳು ನೆರಳಿನಲ್ಲಿ, ಗಾಳಿ ಆಡುವಂತೆ, ನೆಲಕ್ಕೆ ತಾಕದ ಹಾಗೆ ಇಟ್ಟು ಊರಿನ ಹವೆಗೆ ಹೊಂದಲು ಬಿಡಬೇಕು.

ಬಾಗಿಲು ಎಂದರೆ ಕದ ಮಾತ್ರ ಎಂದು ತಿಳಿಯುವುದು ಮೊದಲನೇ ಹೇಳಿಕೆಯೊಳಗೆ ಅಡಗಿರುವ ಇನ್ನೊಂದು ತಪ್ಪು. ನಮ್ಮ ಹಳೆ ಬಾಗಿಲುಗಳಲ್ಲಿ ಹಲವಕ್ಕೆ ಬಿಜಾಗರಿಯೇ ಇಲ್ಲ. ಕದದ ಒಂದು ಅಂಚಿನ ಮೇಲೂ ಕೆಳಗೂ ದುಂಡನೆಯ ಗೂಟ ಚಾಚಿರುತ್ತದೆ. ಕೆಳಗಿನ ಗೂಟ ಹೊಸ್ತಿಲಿನ ಕುಳಿಯಲ್ಲಿ, ಮೇಲಿನದು ಚೌಕಟ್ಟಿನ ಮೇಲ್ತೊಲೆಯ ಹಿಂದಿನ ಮರದಲ್ಲಿ ಕೂತು ಕದ ತಿರುಗುತ್ತದೆ. ಕದದ ಭಾರವೆಲ್ಲ ನೇರವಾಗಿ ಹೊಸ್ತಿಲಿನ ಮೂಲಕ ನೆಲಕ್ಕಿಳಿಯುತ್ತದೆ. ಅಗುಳಿ ಅಡ್ಡವಾಗಿ ಸರಿದು ಗೋಡೆಯೊಳಗೆ ಹೋಗುತ್ತದೆ, ಆದ್ದರಿಂದ ಗೋಡೆಯ ದಪ್ಪವೂ ಆ ಯಂತ್ರದ ಒಂದು ಭಾಗ. ಈಗ ಕದವನ್ನು ಮಾತ್ರ ತಂದು, ಗೂಟ ಕತ್ತರಿಸಿ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಹೊಸ ಚೌಕಟ್ಟಿಗೆ ಬಿಜಾಗರಿಯಲ್ಲಿ ನೇತುಹಾಕುತ್ತಾರೆ. ಲೆಕ್ಕ ಹಾಕಿ ನೋಡಿ: 6 ಅಡಿ ಎತ್ತರ, 3 ಅಡಿ ಅಗಲ, 2 ಇಂಚು ದಪ್ಪದ ಗಟ್ಟಿ ಕದ ಎಂದರೆ 3 ಘನ ಅಡಿ ಮರ. ತೇಗಕ್ಕೆ ಘನ ಅಡಿಗೆ 18 ಕಿಲೋದಷ್ಟು ಹಿಡಿದರೂ 54 ಕಿಲೋ ಆಯಿತು, ಹಿತ್ತಾಳೆ ಕಬ್ಬಿಣದ ತೂಕ ಬೇರೆ. ನೆಲ ಹೊರುತ್ತಿದ್ದ ಆ ಭಾರವನ್ನು ಈಗ ಮರದ ಅಂಚಿಗೆ ಹಾಕಿದ ನಾಲ್ಕಾರು ಸ್ಕ್ರೂ ಹೊರಬೇಕು. ಕೆಲವೇ ವರ್ಷಗಳಲ್ಲಿ ಕದ ಜೋತುಬಿದ್ದು ನೆಲ ಉಜ್ಜತೊಡಗಿದರೆ 'ಹಳೆ ಬಾಗಿಲು ಹೀಗೇ' ಎಂದು ಬಾಗಿಲನ್ನೇ ದೂರುತ್ತಾರೆ. ಚೌಕಟ್ಟು, ಹೊಸ್ತಿಲು, ಕದ, ಅಗುಳಿ ನಾಲ್ಕೂ ಒಟ್ಟಿಗೆ ಸಿಕ್ಕಿದರೆ ಬಾಗಿಲು ಸಿಕ್ಕಿತು ಎನ್ನಬೇಕು. ಕದ ಮಾತ್ರ ಸಿಕ್ಕಿದರೆ ಒಳ್ಳೆಯ ಹಲಗೆ ಸಿಕ್ಕಿತು ಎಂದುಕೊಂಡು ಅದಕ್ಕೆ ತಕ್ಕ ಬೆಲೆ ಕೊಡಬೇಕು.

ಎರಡನೆಯ ಹೇಳಿಕೆ ಮರ ಉಳಿಯುವುದರ ಬಗ್ಗೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಕೊಳ್ಳದಿದ್ದರೆ ಈ ಬಾಗಿಲು ಎಲ್ಲಿಗೆ ಹೋಗುತ್ತಿತ್ತು? ಒಲೆಗೆ ಹೋಗುತ್ತಿದ್ದರೆ, ನಾನೂ ಹೊಸ ತೇಗದ ಬಾಗಿಲನ್ನೇ ಮಾಡಿಸುತ್ತಿದ್ದರೆ, ಆಗ ನಿಜವಾಗಿಯೂ ಮರ ಉಳಿಯಿತು. ಭಾರತ ಈಗ ಆಫ್ರಿಕಾ, ಲ್ಯಾಟಿನ್ ಅಮೆರಿಕದ ತೋಪುಗಳಿಂದಲೂ ತೇಗ ತರಿಸಿಕೊಳ್ಳುತ್ತಿದೆ, ಮ್ಯಾನ್ಮಾರ್ 2014ರಲ್ಲಿ ದಿಮ್ಮಿ ರಫ್ತನ್ನು ನಿಲ್ಲಿಸಿದೆ. ಹಾಗಾಗಿ ಊರಲ್ಲೇ ಬಿದ್ದಿರುವ ತೇಗವನ್ನು ಬಳಸುವುದು ಸಣ್ಣ ಉಳಿತಾಯವಲ್ಲ. ಆದರೆ ಅದೇ ಬಾಗಿಲನ್ನು ಹಳ್ಳಿಯ ಬಡವನೊಬ್ಬ ತನ್ನ ಮನೆಗೆ ಒಯ್ಯುವುದಿದ್ದು, ನಾನು ಹೆಚ್ಚು ಬೆಲೆ ಕೊಟ್ಟು ಡ್ರಾಯಿಂಗ್ ರೂಮಿನ ಗೋಡೆಗೆ ಅಲಂಕಾರವಾಗಿ ಒರಗಿಸಿದರೆ ಯಾವ ಮರವೂ ಉಳಿಯಲಿಲ್ಲ. ಆತ ಬೇರೆ ಬಾಗಿಲನ್ನು ಹುಡುಕಬೇಕಾಯಿತು, ಅಷ್ಟೆ.

ಇದರ ಇನ್ನೊಂದು ತುದಿಯನ್ನು ಹಿಡಿದು ಕೆಲವರು ಹಳೆ ಬಾಗಿಲಿನ ವ್ಯಾಪಾರವೇ ಹಳೆ ಮನೆಗಳನ್ನು ಕೆಡವಿಸುತ್ತಿದೆ ಎನ್ನುತ್ತಾರೆ. ಅಷ್ಟು ದೂರ ನಾನು ಹೋಗಲಾರೆ. ಪೇಟೆಯ ನಡುವಿನ ಜಾಗದ ಬೆಲೆಯ ಎದುರು ಬಾಗಿಲಿನ ಬೆಲೆ ಏನೂ ಅಲ್ಲ. ಬಾಗಿಲು ಮಾರುವ ಆಸೆಗೆ ಯಾರೂ ಇಡೀ ಮನೆ ಕೆಡವುವುದಿಲ್ಲ. ಬೀಗ ಹಾಕಿಬಿಟ್ಟ ಮನೆಯ ಕಥೆ ಬೇರೆ. ವಾರಸುದಾರರು ಬೆಂಗಳೂರಲ್ಲೋ ಪುಣೆಯಲ್ಲೋ ಇರುತ್ತಾರೆ, ಪಾಲು ಇತ್ಯರ್ಥವಾಗಿರುವುದಿಲ್ಲ, ಮನೆಯನ್ನು ಮಾರುವಂತೆಯೂ ಇಲ್ಲ, ಕಟ್ಟುವಂತೆಯೂ ಇಲ್ಲ. ಅಂಥ ಮನೆಯಿಂದ ಸುಲಭವಾಗಿ ಹಣವಾಗುವ ವಸ್ತು ಎಂದರೆ ಬಾಗಿಲು. ಅದನ್ನು ಕಿತ್ತ ದಿನದಿಂದ ಮನೆ ಮಳೆಗೆ, ಹಂದಿನಾಯಿಗಳಿಗೆ ಬಿಟ್ಟಂತೆ. ಕೆಲವು ಮಳೆಗಾಲದಲ್ಲಿ ಗೋಡೆ ಕೂರುತ್ತದೆ. ಇಲ್ಲಿ ಕೊಳ್ಳುವವನ ಪಾಲು ಇದೆ. ಆದ್ದರಿಂದ ಬೇರೆ ಕಾರಣಕ್ಕೆ ಕೆಡವಿದ ಮನೆಯ ಬಾಗಿಲು ಮತ್ತು ನಿಂತ ಮನೆಯಿಂದ ಕಿತ್ತ ಬಾಗಿಲು ನೋಡಲು ಒಂದೇ ಆದರೂ ಕೊಳ್ಳುವ ದೃಷ್ಟಿಯಿಂದ ಒಂದೇ ಅಲ್ಲ. ಎಲ್ಲಿಂದ ಬಂತು ಎಂದು ಕೇಳಿದಾಗ ಅಂಗಡಿಯವರು ಬೀದಿಯ ಹೆಸರನ್ನೂ ಹೇಳದಿದ್ದರೆ ಆ ಬಾಗಿಲನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ಮೂರನೆಯ ಹೇಳಿಕೆಯೇ ಎಲ್ಲಕ್ಕಿಂತ ಜನಪ್ರಿಯ, ಎಲ್ಲಕ್ಕಿಂತ ದುರ್ಬಲ. ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅದರ ಒಂದು ಕಂಬವನ್ನು ಕಿತ್ತು ಬೆಂಗಳೂರಿನ ಹೋಟೆಲಿನಲ್ಲಿ ನಿಲ್ಲಿಸಿ 'ದೇವಸ್ಥಾನವನ್ನು ಉಳಿಸಿದ್ದೇವೆ' ಎಂದರೆ ಯಾರೂ ಒಪ್ಪರು. ಕಂಬ ಉಳಿದಿರಬಹುದು, ದೇವಸ್ಥಾನ ಕುಂದಿತು. ಸಾಮಾನ್ಯರ ಮನೆಗೆ ದೇವಸ್ಥಾನದ ಮಹತ್ವ ಇಲ್ಲದಿರಬಹುದು, ಆದರೆ ತರ್ಕ ಅದೇ. ಸ್ಮಾರಕ ತಾನು ಸಾಕ್ಷಿಯಾದ ಚರಿತ್ರೆಯಿಂದಲೂ ತಾನಿರುವ ಪರಿಸರದಿಂದಲೂ ಬೇರ್ಪಡಿಸಲಾಗದ್ದು ಎಂದು 1964ರ ವೆನಿಸ್ ಸನ್ನದು ಹೇಳುತ್ತದೆ. ಅದರ ಅವಿಭಾಜ್ಯ ಅಂಗಗಳನ್ನು ಬೇರೆಡೆ ಒಯ್ಯುವುದು ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂದೂ ಹೇಳುತ್ತದೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷ ದಾಟಿದ, ಕಟ್ಟಡದಿಂದ ಬೇರ್ಪಟ್ಟ ವಸ್ತುವೂ ಸೇರಿದೆ; ಅಂಥವನ್ನು ವ್ಯಾಪಾರ ಮಾಡಲು ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಬಾಗಿಲು ಯಾವ ಮನೆಯದು, ಯಾವ ದಿಕ್ಕಿಗೆ ನಿಂತಿತ್ತು, ಅದರ ಎತ್ತರ ಎಷ್ಟು, ಒಳಗೆ ಬರುವವರು ಏಕೆ ತಲೆ ಬಗ್ಗಿಸಬೇಕಿತ್ತು, ಪಕ್ಕದಲ್ಲಿ ಜಗಲಿ ಇತ್ತೇ, ಅಂಗಡಿ ಇತ್ತೇ ಎಂಬುದರಲ್ಲಿ ಅದರ ಚರಿತ್ರೆ ಇದೆ. ಹತ್ತಿ ವ್ಯಾಪಾರದಿಂದ ಬೆಳೆದ ದಾವಣಗೆರೆಯಲ್ಲಿ ಮಂಡಿಯ ಮುಂಬಾಗಿಲಿಗೂ ಮನೆಯ ತಲೆಬಾಗಿಲಿಗೂ ಕೆಲಸವೇ ಬೇರೆ. ಲಾರಿಗೆ ಏರಿದ ಗಳಿಗೆಯಲ್ಲಿ ಈ ಎಲ್ಲ ಮಾಹಿತಿ ಕಳಚಿಹೋಗುತ್ತದೆ. ಕಾರೈಕುಡಿಯಿಂದ ತಂದ ಬಾಗಿಲನ್ನು ಹರಿಹರದ ಹಳೆ ಮನೆಗೆ ನಿಲ್ಲಿಸಿದಾಗ ಚೆಟ್ಟಿನಾಡಿನ ಮನೆಯೂ ಉಳಿಯಲಿಲ್ಲ, ಹರಿಹರದ ಮನೆಯೂ ತನ್ನಂತೆ ಉಳಿಯಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ, ಅದು ಮಣಿಪಾಲದಿಂದ ಬರುತ್ತದೆ. ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮಾಡಿದ್ದೂ ಇದೇ ಅಲ್ಲವೇ, ಬಿಚ್ಚಿ ತಂದು ಮತ್ತೆ ಕಟ್ಟಿದ್ದು? ಹೌದು. ಕುಕನೂರಿನ ಕಮಲ್ ಮಹಲ್, ಹರ್ಕೂರಿನ ಒಳಗಿನ ಮನೆ, ಮಿಯಾರಿನ ಮನೆ ಅಲ್ಲಿ ಮತ್ತೆ ನಿಂತಿವೆ, ಅವು ಅಲ್ಲಿಗೆ ಬರದಿದ್ದರೆ ಇಂದು ಇರುತ್ತಿರಲಿಲ್ಲ. ಆದರೆ ಶೆಣೈ ಅವರು ಮನೆಯನ್ನು ಮನೆಯಾಗಿಯೇ ತಂದರು: ಬಾಗಿಲು ತನ್ನ ಚೌಕಟ್ಟಿನೊಂದಿಗೆ, ಚೌಕಟ್ಟು ತನ್ನ ಗೋಡೆ ಕಂಬಗಳೊಂದಿಗೆ, ಎಲ್ಲವೂ ಮೂಲ ಊರಿನ ಹೆಸರಿನೊಂದಿಗೆ. ಅವರು ಉಳಿಸಿದ್ದು ಭಾಗಗಳ ನಡುವಿನ ಸಂಬಂಧವನ್ನು. ಅವರ ಹೆಸರು ಹೇಳಿ ಬಿಡಿ ಕದ ಕೊಳ್ಳುವವರು ಆ ಶಿಸ್ತಿನ ಅರ್ಧವನ್ನಾದರೂ ಪಾಲಿಸಿದರೆ ನನ್ನ ಆಕ್ಷೇಪದ ಬಹುಪಾಲು ಇಲ್ಲವಾಗುತ್ತದೆ.

ಬಣ್ಣದ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಬಾಗಿಲನ್ನು 'ಮೂಲ ರೂಪಕ್ಕೆ ತರುವುದು' ಎಂದರೆ ಎಲ್ಲ ಬಣ್ಣ ತೆಗೆದು ಮರದ ಗೆರೆ ಕಾಣಿಸುವುದು ಎಂದು ಈಗ ಎಲ್ಲರೂ ನಂಬಿದ್ದಾರೆ. ಬರಿಮರದ ಹೊಳಪು ಇಂದಿನ ಅಭಿರುಚಿ. ಕದದ ಒಂದು ಮೂಲೆಯಲ್ಲಿ ರೂಪಾಯಿಯಗಲ ಜಾಗವನ್ನು ಪದರ ಪದರವಾಗಿ ಬಿಡಿಸಿದರೆ ಮೇಲೆ ಕಂದು ಎಣ್ಣೆಬಣ್ಣ, ಅದರಡಿ ಹಸಿರು, ಅದರಡಿ ನೀಲಿ, ತೀರಾ ಕೆಳಗೆ ಎಣ್ಣೆ ಕುಡಿದು ಕಪ್ಪಾದ ಮರ ಹೀಗೆ ಸಿಗಬಹುದು. ಒಂದೊಂದು ಪದರವೂ ಒಂದು ಹಬ್ಬದ, ಒಂದು ಮದುವೆಯ ಗುರುತು. ಬಣ್ಣ ಮತ್ತು ಎಣ್ಣೆ ಬಿಸಿಲು ಮಳೆಯಿಂದ ಕದವನ್ನು ಕಾಯುತ್ತಿದ್ದವು. ಅವನ್ನು ತೆಗೆದು ತೆಳ್ಳನೆಯ ಅರಗಿನ ಪಾಲಿಶ್ ಹಚ್ಚಿ ಪಶ್ಚಿಮದ ಬಿಸಿಲಿಗೆ ನಿಲ್ಲಿಸಿದರೆ ಅದು ನೀರು ತಾಗಿ ಬಿಳಿಚುತ್ತದೆ, ಮರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಲಸ ಬೇಗ ಆಗಲೆಂದು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ತೇಗ ಕಪ್ಪಾಗುತ್ತದೆ, ಮೇಲ್ಮೈಯ ನಾರು ಸಡಿಲವಾಗುತ್ತದೆ. ಇದಕ್ಕಿಂತ ಗಂಭೀರವಾದ ಮಾತು ಸೀಸದ್ದು. ಮನೆ ಬಣ್ಣಗಳಲ್ಲಿ ಸೀಸದ ಮಿತಿಯನ್ನು 90 ಪಿಪಿಎಂಗೆ ಇಳಿಸಿದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಎಣ್ಣೆಬಣ್ಣವಿರುವ ಬಾಗಿಲನ್ನು ಒಣಗಿದ್ದಾಗ ಮೆಶೀನಿನಲ್ಲಿ ಉಜ್ಜುವುದು, ಬೆಂಕಿಯಲ್ಲಿ ಸುಟ್ಟು ಕೆರೆಯುವುದು ಬಡಗಿಗೂ ಮನೆಯ ಮಕ್ಕಳಿಗೂ ವಿಷ ಉಣಿಸಿದಂತೆ. ಕೆರೆಯಲೇಬೇಕಿದ್ದರೆ ನೀರು ಹಚ್ಚಿ ತೇವದಲ್ಲೇ ಕೆರೆಯಬೇಕು, ಚೂರುಗಳನ್ನು ಒಟ್ಟುಮಾಡಿ ಎತ್ತಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಬಣ್ಣ ಗಟ್ಟಿಯಾಗಿ ಕೂತಿದ್ದರೆ ತೊಳೆದು ಮೇಲೊಂದು ಕೋಟು ಕೊಡುವುದೇ ಸರಿಯಾದ ಜೀರ್ಣೋದ್ಧಾರ.

ಇದಕ್ಕೆಲ್ಲ ವಿರುದ್ಧ ದಿಕ್ಕಿನಿಂದ ಬರುವ ನಂಬಿಕೆಯೂ ಇದೆ: ಬಿದ್ದ ಮನೆಯ ಬಾಗಿಲು ತರಬಾರದು, ಆ ಮನೆಯ ಕಷ್ಟ ಹಿಂಬಾಲಿಸುತ್ತದೆ. ಹೀಗೆನ್ನುವವರೇ ಹಳೆಯ ಮನೆಯನ್ನು ಬಾಗಿಲು ಸಮೇತ ಕೊಂಡು ಪೂಜೆ ಮಾಡಿಸಿ ವಾಸಕ್ಕೆ ಹೋಗುತ್ತಾರೆ. ಕಷ್ಟ ಮರದಲ್ಲಿದ್ದರೆ ಅಲ್ಲೂ ಇರಬೇಕಲ್ಲ.

ಕೊನೆಗೆ ಉಳಿಯುವ ಆಕ್ಷೇಪ ವ್ಯವಹಾರದ್ದು. 'ನಮ್ಮ ಮನೆಯ ಬಾಗಿಲು ಕೆಟ್ಟುಹೋಗಿದೆ, ಅದನ್ನು ಸರಿಮಾಡುವ ಬಡಗಿ ಸಿಗುವುದಿಲ್ಲ, ಹೊಸ ಮರಕ್ಕೆ ದುಡ್ಡಿಲ್ಲ, ಹಾಗಾಗಿ ಹಳೆಯದೊಂದನ್ನು ತರುತ್ತೇವೆ. ಇದರಲ್ಲಿ ತತ್ತ್ವ ಎಲ್ಲಿಂದ ಬಂತು?' ಈ ಮಾತಿಗೆ ತೂಕವಿದೆ. ಆದರೆ 'ಕೆಟ್ಟುಹೋಗಿದೆ' ಎಂಬ ತೀರ್ಮಾನ ತುಂಬಾ ಬೇಗ ಬರುತ್ತದೆ. ಹಳೆ ಬಾಗಿಲಿನಲ್ಲಿ ಸಾಮಾನ್ಯವಾಗಿ ಕೆಡುವುದು ಕದದ ಕೆಳಪಟ್ಟಿ, ಚೌಕಟ್ಟಿನ ಕಾಲಿನ ಬುಡ, ಹೊಸ್ತಿಲಿನ ಕುಳಿ. ಈ ಮೂರೂ ಬದಲಾಯಿಸಬಲ್ಲ ಭಾಗಗಳು. ಕೆಟ್ಟಷ್ಟನ್ನು ಓರೆಯಾಗಿ ಕೊಯ್ದು, ಅದೇ ಜಾತಿಯ ಒಣಗಿದ ಮರದ ತುಂಡನ್ನು ಕೂಡಿಸಿ ಮರದ ಗೂಟ ಬಡಿದರೆ ಬಾಗಿಲು ಮತ್ತೆ ನಿಲ್ಲುತ್ತದೆ. ಕೂಡಿಸಲು ಬೇಕಾದ ತುಂಡು ಎಲ್ಲಿಂದ? ಹಳೆ ಮರಮುಟ್ಟಿನ ಅಂಗಡಿಯ ಅತ್ಯುತ್ತಮ ಉಪಯೋಗ ಇದೇ. ಕೆತ್ತನೆಯ ಕದಕ್ಕಾಗಿ ಹುಡುಕುವುದಕ್ಕಿಂತ, ಯಾರಿಗೂ ಬೇಡದ ಮುರಿದ ತೇಗದ ಚೌಕಟ್ಟಿನ ಒಂದು ಕಾಲನ್ನು ತಂದು ನಿಮ್ಮ ಬಾಗಿಲಿಗೆ ಕಾಲು ಕೊಡಿಸುವುದು ಅಗ್ಗ, ಮರದ ದೃಷ್ಟಿಯಿಂದ ಸರಿ, ಚರಿತ್ರೆಯ ದೃಷ್ಟಿಯಿಂದಲೂ ಸರಿ. ನಿಮ್ಮ ಬಾಗಿಲು ನಿಜಕ್ಕೂ ಇಲ್ಲವಾಗಿದ್ದರೆ ಅದೇ ಬೀದಿಯ, ಅದೇ ಊರಿನ, ಅದೇ ಅಳತೆಯ ಬಾಗಿಲನ್ನು ಹುಡುಕಿ; ಅದೂ ಸಿಗದಿದ್ದರೆ ಊರಿನ ಬಡಗಿಯಿಂದ ಹಳೆಯ ಕ್ರಮದಲ್ಲೇ ಹೊಸದು ಮಾಡಿಸಿ. ದೂರದ ಊರಿನ ಕೆತ್ತನೆಯ ಬಾಗಿಲು ಈ ಪಟ್ಟಿಯ ಕೊನೆಗೆ ಬರುತ್ತದೆ.

ದಾವಣಗೆರೆ ಮಹಾನಗರ ಪಾಲಿಕೆಗೂ ಹರಿಹರ ನಗರಸಭೆಗೂ ಒಂದು ಮನವಿ. ಹಳೆ ಮನೆ ಕೆಡವಲು ಅನುಮತಿ ಕೇಳಿದವರಿಂದ ಮುಂಬಾಗಿಲಿನ ನಾಲ್ಕು ಫೋಟೊ, ಚೌಕಟ್ಟಿನ ಎತ್ತರ ಅಗಲ, ಬೀದಿಯ ಹೆಸರು, ಮರಮುಟ್ಟಿನ ಪಟ್ಟಿ ಇಷ್ಟನ್ನು ಬರೆಸಿಕೊಳ್ಳಿ. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ, ಅರ್ಜಿಯಲ್ಲಿ ಅರ್ಧ ಪುಟ ಸಾಕು. ಬಾಗಿಲು ಕೊಳ್ಳುವವರು ಅದೇ ವಿವರವನ್ನು ಕದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಲಿ: ಯಾವ ಬೀದಿ, ಯಾವ ಮನೆ, ಯಾವ ವರ್ಷ ಕಿತ್ತದ್ದು.